ಸೈಕಲ್ ಕದ್ದದ್ದು ಯಾರು? ಇಂಗ್ಲಿಷ್ ಪ್ರಶ್ನೆಪತ್ರಿಕೆ ಮಾಡುವವರಿಗೆ ಉಡುಪಿಯಿಂದ ಒಂದು ಬಹಿರಂಗ ಪತ್ರ

ಹೈಸ್ಕೂಲ್ ಮಕ್ಕಳಿಗೆ ಇಂಗ್ಲಿಷ್ ಪ್ರಶ್ನೆಪತ್ರಿಕೆ ಮಾಡುವವರಿಗೆ, ಅದರ ಮಾದರಿ ಉತ್ತರ ಬರೆಯುವವರಿಗೆ, ವ್ಯಾಕರಣದ ಅಭ್ಯಾಸ ಸಿದ್ಧ ಮಾಡುವ ಹಿರಿಯರಿಗೆ ನಮಸ್ಕಾರ.

ನಾನು ಉಡುಪಿ ಕಡೆಯ ಒಂದು ಕನ್ನಡ ಮಾಧ್ಯಮ ಹೈಸ್ಕೂಲಿನಲ್ಲಿ ಇಂಗ್ಲಿಷ್ ಟೀಚರ್. ನಮ್ಮ ಶಾಲೆಯಿಂದ ಸಮುದ್ರ ಕಾಣುವುದಿಲ್ಲ. ಆದರೆ ಜೂನ್ ತಿಂಗಳಲ್ಲಿ ಗಾಳಿ ತಿರುಗಿದರೆ ಅದರ ಸದ್ದು ಕ್ಲಾಸಿನೊಳಗೆ ಕೇಳುತ್ತದೆ. ಎಂಟು, ಒಂಬತ್ತು, ಹತ್ತನೇ ತರಗತಿಯವರಿಗೆ ಟೆನ್ಸ್ (ಕಾಲ) ಮತ್ತು ಪ್ಯಾಸಿವ್ (ಕರ್ಮಣಿ ಪ್ರಯೋಗ) ಕಲಿಸುವುದರಲ್ಲೇ ನನ್ನ ಅರ್ಧ ಆಯುಷ್ಯ ಹೋಗಿದೆ. ಉಳಿದ ಅರ್ಧ ಹೋದದ್ದು ಮಕ್ಕಳು ಅದನ್ನು ಮರೆಯುವುದನ್ನು ನೋಡುವುದರಲ್ಲಿ.

ಈ ಪತ್ರಕ್ಕೆ ಕಾರಣ ಒಂದು ಸೈಕಲ್.

ಕೆಲವು ವರ್ಷಗಳ ಹಿಂದಿನ ಮಾತು. ಹತ್ತನೇ ತರಗತಿಗೆ ಒಂದು ಪೂರ್ವಸಿದ್ಧತಾ ಪರೀಕ್ಷೆ ಇತ್ತು. ಪತ್ರಿಕೆ ಯಾರು ಮಾಡಿದ್ದು ಎಂದು ಹೇಳುವುದು ಬೇಡ. ನಿಮಗೆ ಪ್ರೀತಿಯ ಕರ್ಮಣಿ ಪ್ರಯೋಗದಲ್ಲೇ ಹೇಳುತ್ತೇನೆ: ಪ್ರಶ್ನೆಪತ್ರಿಕೆಯನ್ನು ಸಿದ್ಧಪಡಿಸಲಾಗಿತ್ತು. ಅದರಲ್ಲಿ ಒಂದು ಅಂಕದ ಪ್ರಶ್ನೆ. 'ಸಮ್‌ಬಡಿ ಸ್ಟೋಲ್ ಮೈ ಬೈಸಿಕಲ್' ಎಂಬ ವಾಕ್ಯದ ವಾಯ್ಸ್ ಬದಲಿಸಬೇಕು, ಎಂದರೆ ಅದನ್ನು ಪ್ಯಾಸಿವ್ ಮಾಡಬೇಕು. ನನ್ನ ಒಬ್ಬ ಹುಡುಗ 'ಮೈ ಬೈಸಿಕಲ್ ವಾಸ್ ಸ್ಟೋಲನ್' ಎಂದು ಬರೆದು ಫುಲ್‌ಸ್ಟಾಪ್ ಹಾಕಿದ. ಕೀ ಆನ್ಸರಿನಲ್ಲಿ ಕೊನೆಗೆ 'ಬೈ ಸಮ್‌ಬಡಿ' ಇತ್ತು. ಇವನದರಲ್ಲಿ ಇರಲಿಲ್ಲ. ಅಂಕ ಹೋಯಿತು.

ನಾನು ಫೋನ್ ಮಾಡಿ ಕೇಳಿದೆ. ಆ ಕಡೆಯಿಂದ ಬಂದ ಉತ್ತರ ಇನ್ನೂ ನೆನಪಿದೆ: "ಟೀಚರ್, ಸಬ್ಜೆಕ್ಟ್ ಎಲ್ಲಿ ಹೋಯಿತು? ಬದಲಾಯಿಸಲಿಕ್ಕೆ ಹೇಳಿದ್ದು, ಬಿಟ್ಟುಬಿಡಲಿಕ್ಕೆ ಅಲ್ಲ."

ಹುಡುಗನಿಗೆ ಅದನ್ನೇ ಹೇಳಿದೆ. ಅವನು ಒಂದು ಕ್ಷಣ ಯೋಚಿಸಿ ಕೇಳಿದ: "ಕದ್ದವ ಯಾರಂತ ಗೊತ್ತಿದ್ರೆ ಬರೀತಿದ್ದೆ ಅಲ್ವಾ ಟೀಚರ್?"

ನೋಡಿ, ಪ್ಯಾಸಿವ್ ಎಂದರೆ ಏನು ಎಂಬುದು ಕೀ ಆನ್ಸರ್ ಬರೆದವರಿಗಿಂತ ಇವನಿಗೆ ಚೆನ್ನಾಗಿ ಗೊತ್ತಿತ್ತು. ಮಾಡಿದವರು ಯಾರೆಂದು ಗೊತ್ತಿಲ್ಲದಾಗ, ಹೇಳುವ ಅಗತ್ಯ ಇಲ್ಲದಾಗ, ಅಥವಾ ಹೇಳಲು ಮನಸ್ಸಿಲ್ಲದಾಗ ಬಳಸುವ ಮಾತು ಅದು. ಇಂಗ್ಲಿಷ್ ಬರಹದಲ್ಲಿ ಬರುವ ಪ್ಯಾಸಿವ್ ವಾಕ್ಯಗಳಲ್ಲಿ ಸುಮಾರು ಐದಕ್ಕೆ ನಾಲ್ಕರಲ್ಲಿ 'ಬೈ' ಇರುವುದೇ ಇಲ್ಲ. ಇದು ನನ್ನ ಲೆಕ್ಕ ಅಲ್ಲ, ಇಂಗ್ಲಿಷಿನ ದೊಡ್ಡ ವ್ಯಾಕರಣ ಗ್ರಂಥಗಳೇ ಹೇಳುವ ಮಾತು. ನಮ್ಮ ಪರೀಕ್ಷೆಯಲ್ಲಿ ಮಾತ್ರ ಐದಕ್ಕೆ ಐದರಲ್ಲೂ 'ಬೈ'. 'ಬೈ ಸಮ್‌ಬಡಿ', 'ಬೈ ಪೀಪಲ್', 'ಬೈ ದೆಮ್'. 'ಪೀಪಲ್ ಸ್ಪೀಕ್ ತುಳು' ಎಂಬುದನ್ನು ಬದಲಿಸಿದರೆ 'ತುಳು ಈಸ್ ಸ್ಪೋಕನ್ ಬೈ ಪೀಪಲ್'. ಮತ್ತೆ ಯಾರು ಮಾತಾಡುತ್ತಾರೆ ಮಾರಾಯ್ರೆ, ಎಮ್ಮೆಗಳಾ?

ಇಷ್ಟಕ್ಕೆ ಯಾಕೆ ಬಹಿರಂಗ ಪತ್ರ, ಒಂದು ಅಂಕ ತಾನೇ ಅಂದೀರಿ. ಅಂಕದ ವಿಷಯದಲ್ಲಿ ನಮ್ಮ ಕಡೆಯವರಿಗೆ ಬಡತನ ಇಲ್ಲ. 2024ರ ಎಸ್ಸೆಸ್ಸೆಲ್ಸಿಯಲ್ಲಿ ಉಡುಪಿ ರಾಜ್ಯಕ್ಕೆ ಮೊದಲು ಬಂತು. 2025ರಲ್ಲಿ ದಕ್ಷಿಣ ಕನ್ನಡ ಮೊದಲು, ಉಡುಪಿ ಎರಡನೆಯದು. ಬ್ಯಾನರ್ ಹಾಕಿದೆವು, ಲಡ್ಡು ಹಂಚಿದೆವು. ಆದರೆ ಇಂಗ್ಲಿಷಿನಲ್ಲಿ ತೊಂಬತ್ತು ತೆಗೆದ ಹುಡುಗಿ ಮಣಿಪಾಲದ ಒಂದು ಅಂಗಡಿಯಲ್ಲಿ ರಜೆಯ ಕೆಲಸಕ್ಕೆ ಸೇರಿದಳು. ಕನ್ನಡ ಬಾರದ ಗಿರಾಕಿಗೆ 'ಇದು ನಿನ್ನೆಯೇ ಮುಗಿದಿದೆ' ಎಂದು ಹೇಳಲಾಗದೆ ಒದ್ದಾಡಿದಳಂತೆ. ಅವಳೇ ಬಂದು ಹೇಳಿದ್ದು. "ಟೀಚರ್, ಹ್ಯಾಸ್ ಬರ್ತದಾ ಹ್ಯಾಡ್ ಬರ್ತದಾ ಯೋಚನೆ ಮಾಡುವಾಗ ಅವರು ಹೋಗಿಯೇ ಬಿಟ್ಟರು." 2007ರಿಂದ ನಮ್ಮ ಸರ್ಕಾರಿ ಶಾಲೆಗಳಲ್ಲಿ ಒಂದನೇ ತರಗತಿಯಿಂದಲೇ ಇಂಗ್ಲಿಷ್ ಉಂಟು. ಎಂದರೆ ಅವಳು ಹತ್ತು ವರ್ಷ ಕಲಿತಿದ್ದಾಳೆ.

ತಪ್ಪು ಅವಳದಲ್ಲ. ಅವಳ ತಲೆಯಲ್ಲಿ ನಾವು ಹನ್ನೆರಡು ಮನೆಗಳ ಒಂದು ಕೋಷ್ಟಕ ಇಟ್ಟಿದ್ದೇವೆ. ಅಡ್ಡಕ್ಕೆ ಮೂರು ಕಾಲ, ಉದ್ದಕ್ಕೆ ನಾಲ್ಕು ಬಗೆ. ಎಂಟನೇ ತರಗತಿಯಲ್ಲಿ ಅದು ಬೋರ್ಡಿನ ಮೇಲೆ ಏರುತ್ತದೆ, ಹತ್ತರ ಸ್ಪೆಷಲ್ ಕ್ಲಾಸಿನವರೆಗೆ ಇಳಿಯುವುದಿಲ್ಲ. ಕೊನೆಗೆ, ಪಾಸಾಗಲು ಬೇಕಾದಷ್ಟನ್ನೇ ಕಲಿಸುವ ಪಾಸಿಂಗ್ ಪ್ಯಾಕೇಜಿನಲ್ಲೂ ಅದೇ. ನಾನೂ ಬರೆಸಿದ್ದೇನೆ, ಸುಳ್ಳು ಯಾಕೆ ಹೇಳಲಿ. 'ಗೋ ವೆಂಟ್ ಗಾನ್' ಎಂದು ರಾಗವಾಗಿ ಹೇಳಿಸುತ್ತೇನೆ ಸಹ. ಅದು ಬೇಕು. ರೂಪ ಬಾಯಿಗೆ ಬಾರದೆ ಭಾಷೆ ಬರುವುದಿಲ್ಲ. ಆದರೆ ರೂಪ ಬಂದ ಮೇಲೆ ಅದನ್ನು ಯಾವಾಗ ಹೇಳಬೇಕು ಎಂಬುದನ್ನು ನಿಮ್ಮ ಪತ್ರಿಕೆ ಕೇಳುವುದೇ ಇಲ್ಲ. ಹಾಗಾಗಿ ನಾವೂ ಕಲಿಸುವುದಿಲ್ಲ. ಪರೀಕ್ಷೆಗೆ ಬಾರದ್ದನ್ನು ಕಲಿಸಲು ನಲವತ್ತು ನಿಮಿಷದ ಪೀರಿಯಡ್ಡಿನಲ್ಲಿ ಎಲ್ಲಿ ಜಾಗ?

ನನಗೆ ಸಿಟ್ಟು ಬರುವುದು ಇಲ್ಲಿ. ಯಾಕೆಂದರೆ ಆ 'ಯಾವಾಗ' ಎಂಬುದು ನಮ್ಮ ಮಕ್ಕಳಿಗೆ ಮನೆಯಿಂದಲೇ ಗೊತ್ತು.

ನನ್ನ ಕ್ಲಾಸಿನಲ್ಲಿ ಮುಕ್ಕಾಲು ಮಕ್ಕಳ ಮನೆಮಾತು ತುಳು. ಇವರಿಗೆ ಪ್ರೆಸೆಂಟ್ ಪರ್ಫೆಕ್ಟ್ ಅರ್ಥ ಮಾಡಿಸಲು ನಾನು ಏಳೆಂಟು ವರ್ಷ ಕಷ್ಟಪಟ್ಟೆ. 'ಈಗಷ್ಟೇ ಮುಗಿದ ಕ್ರಿಯೆ' ಎಂದೆ. 'ಹಿಂದೆ ನಡೆದು ಈಗಲೂ ಪರಿಣಾಮ ಇರುವ ಕ್ರಿಯೆ' ಎಂದೆ. ಮುಖ ನೋಡಿದರೆ ಗೋಡೆ. ಒಂದು ದಿನ ಹಿಂದಿನ ಬೆಂಚಿನಲ್ಲಿ ಇಬ್ಬರು ಯಾವುದೋ ತುಳು ಸಿನಿಮಾದ ಬಗ್ಗೆ ಪಿಸುಗುಡುತ್ತಿದ್ದರು. "ಈ ತೂತನಾ?" ಎಂದು ಒಬ್ಬ. "ತೂತೆ. ಐತಾರ ತೂಯೆ," ಎಂದು ಇನ್ನೊಬ್ಬ. ನೋಡಿದ್ದೀಯಾ? ನೋಡಿದ್ದೇನೆ. ಭಾನುವಾರ ನೋಡಿದೆ.

ನನಗೆ ಬಯ್ಯಲು ಬಾಯಿ ತೆರೆದದ್ದು ಹಾಗೇ ನಿಂತಿತು. ತೂತೆ, ತೂಯೆ. 'ಐ ಹ್ಯಾವ್ ಸೀನ್ ಇಟ್. ಐ ಸಾ ಇಟ್ ಆನ್ ಸಂಡೇ.' ಸಿನಿಮಾ ನೋಡಿದ ಅನುಭವ ನನ್ನಲ್ಲಿ ಇದೆ ಎನ್ನುವಾಗ ಒಂದು ರೂಪ. ಯಾವತ್ತು ಎಂದು ಹೇಳುವಾಗ ಇನ್ನೊಂದು. ಇಂಗ್ಲಿಷಿನವರಿಗೆ ಅದಕ್ಕೆ ಎರಡು ಪದ ಬೇಕು, ನಮ್ಮ ಮಕ್ಕಳಿಗೆ ಒಂದೇ ಸಾಕು. ಪೋಯೆ ಎಂದರೆ ಹೋದೆ, ಪೋತೆ ಎಂದರೆ ಹೋಗಿದ್ದೇನೆ. ಬಸ್ಸ್ ಬತ್ತ್ಂಡ್ (ಬಂತು) ಬೇರೆ, ಬಸ್ಸ್ ಬೈದ್ಂಡ್ (ಬಂದಿದೆ) ಬೇರೆ. ಬಸ್ ಸ್ಟ್ಯಾಂಡಿನಲ್ಲಿ ನಿಂತ ಐದು ವರ್ಷದ ಮಗುವಿಗೂ ಇದರಲ್ಲಿ ತಪ್ಪುವುದಿಲ್ಲ. ಬಾಸೆಲ್ ಮಿಷನ್ನಿನ ಬ್ರಿಗೆಲ್ ಎಂಬ ಪಾದ್ರಿ 1872ರಲ್ಲಿ ಮಂಗಳೂರಿನಲ್ಲಿ ತುಳು ವ್ಯಾಕರಣ ಅಚ್ಚು ಹಾಕಿಸಿದಾಗಲೇ ಈ ಎರಡು ಬಗೆಯ ಭೂತಕಾಲವನ್ನು ಬೇರೆ ಬೇರೆ ಪಟ್ಟಿ ಮಾಡಿದ್ದರು. ಹೊರಗಿನಿಂದ ಬಂದ ಪಾದ್ರಿಗೆ ಕಂಡದ್ದು ಊರಿನ ಟೀಚರಿಗೆ ಕಾಣಲು ಇಷ್ಟು ವರ್ಷ ಬೇಕಾಯಿತು. ನಾಚಿಕೆಯ ವಿಷಯವೇ.

ಆವತ್ತಿನಿಂದ ನಾನು ಕೋಷ್ಟಕ ಬಿಟ್ಟೆ. 'ತೂತನಾ' ಎಂದು ಕೇಳುವ ಜಾಗದಲ್ಲಿ ಹ್ಯಾವ್, 'ತೂಯನಾ' ಎಂದು ಕೇಳುವ ಜಾಗದಲ್ಲಿ ಡಿಡ್. ಎರಡು ಪೀರಿಯಡ್ಡಿನಲ್ಲಿ ಮುಗಿಯಿತು.

ತುಳು ಬಾರದ ಮಕ್ಕಳೂ ಇದ್ದಾರೆ. ಕುಂದಾಪುರದ ಕಡೆಯವರು, ಬ್ಯಾರಿ ಮನೆಯವರು, ಕೊಂಕಣಿಯವರು. ಕಟ್ಟಡದ ಕೆಲಸಕ್ಕೆಂದು ಬಯಲುಸೀಮೆಯಿಂದ ಬಂದವರ ಮಕ್ಕಳು ಈಗ ನಮ್ಮ ಶಾಲೆಗಳಲ್ಲಿ ಸಾಕಷ್ಟು. ಅವರನ್ನು ಹೊರಗಿಟ್ಟೆನೋ ಎಂದು ಹೆದರಿದ್ದೆ. ಹಾಗಾಗಲಿಲ್ಲ. ಉತ್ತರ ಕರ್ನಾಟಕದ ಹುಡುಗಿಯೊಬ್ಬಳು ತಾನೇ ಎದ್ದು ನಿಂತಳು. "ನಮ್ಮದ್ರಾಗೂ ಐತ್ರೀ ಟೀಚರ್. ನೋಡಿದೆ ಅಂದ್ರ ಬ್ಯಾರೆ, ನೋಡೀನಿ ಅಂದ್ರ ಬ್ಯಾರೆ." ಪುಸ್ತಕದ ಕನ್ನಡದಲ್ಲೂ ನೋಡಿದೆ, ನೋಡಿದ್ದೇನೆ ಎಂದು ಉಂಟಲ್ಲ. ಎಲ್ಲರ ಮನೆಯಲ್ಲೂ ಬಿತ್ತನೆ ಆಗಿದೆ. ನಾವು ಮಾತ್ರ ಹೊಸ ಗದ್ದೆ ಅಗೆಯುತ್ತಾ ಕೂತಿದ್ದೇವೆ.

ಇಂಗ್ಲಿಷ್ ಬೇರೆ ದಾರಿ ಹಿಡಿಯುವ ಜಾಗ ಒಂದಿದೆ. ಕಲಿಸಬೇಕಾದ್ದು ಅದನ್ನು. 'ನಿನ್ನೆಯೇ ಕೊಟ್ಟಿದ್ದೇನೆ ಟೀಚರ್' ಎಂದು ಕನ್ನಡದಲ್ಲಿ ಹೇಳಬಹುದು. ನಿನ್ನೆ ಎಂಬ ಪದಕ್ಕೂ ಕೊಟ್ಟಿದ್ದೇನೆ ಎಂಬುದಕ್ಕೂ ಜಗಳ ಇಲ್ಲ. ಇಂಗ್ಲಿಷಿನಲ್ಲಿ ಜಗಳ ಇದೆ. ಮುಗಿದುಹೋದ ಸಮಯದ ಹೆಸರು ಹೇಳಿದ ಕೂಡಲೇ 'ಹ್ಯಾವ್' ಎದ್ದು ಹೋಗಬೇಕು. ಅದಕ್ಕೇ ನಮ್ಮ ಮಕ್ಕಳು 'ಐ ಹ್ಯಾವ್ ಗಿವನ್ ಯೆಸ್ಟರ್‌ಡೇ ಓನ್ಲಿ' ಎನ್ನುವುದು. ಅವರಿಗೆ ಟೆನ್ಸ್ ಗೊತ್ತಿಲ್ಲ ಅಂತಲ್ಲ, ಅವರು ಕನ್ನಡವನ್ನು ಸರಿಯಾಗಿ ಹೇಳುತ್ತಿದ್ದಾರೆ. ಹಾಗೆಯೇ '2015ರಿಂದ ಇಲ್ಲಿದ್ದೇವೆ' ಎಂಬುದು 'ವಿ ಆರ್ ಹಿಯರ್ ಸಿನ್ಸ್ 2015' ಆಗುತ್ತದೆ. 'ನಾಳೆ ಬರ್ತೇನೆ' ಎಂಬುದು 'ಟುಮಾರೋ ಐ ಕಮ್' ಆಗುತ್ತದೆ, ಯಾಕೆಂದರೆ ನಮಗೆ 'ಬರ್ತೇನೆ' ಒಂದೇ ಇವತ್ತಿಗೂ ಸಾಕು, ನಾಳೆಗೂ ಸಾಕು. ಇಂಥ ಐದಾರು ಜಾಗ ಇವೆ, ಅಷ್ಟೇ. ಹನ್ನೆರಡು ಮನೆಯ ಕೋಷ್ಟಕದಲ್ಲಿ ಇವು ಎಲ್ಲಿ ಇವೆ ಎಂದು ಹುಡುಕಿ ನೋಡಿ. ಸಿಗುವುದಿಲ್ಲ.

ಆ ಕೋಷ್ಟಕದ ಮೂಲೆಯ ಮನೆಗಳೂ ಸುಮ್ನೆ ಅಲ್ಲ, ಒಪ್ಪುತ್ತೇನೆ. ಫ್ಯೂಚರ್ ಪರ್ಫೆಕ್ಟ್ ಯಾರಿಗೆ ಬೇಕು ಎಂದು ನಾನೇ ಗೊಣಗುತ್ತಿದ್ದೆ. ಚೆಂಡೆ ಕಲಿಯುವ ಹುಡುಗನೊಬ್ಬ ಒಂದು ವಾಕ್ಯ ಬರೆದು ತಂದ: 'ಬೈ ಪತ್ತನಾಜೆ, ದ ಮೇಳ ವಿಲ್ ಹ್ಯಾವ್ ಫಿನಿಷ್ಡ್ ಆಲ್ ಇಟ್ಸ್ ಶೋಸ್.' ಮೇ ತಿಂಗಳ ಕೊನೆಗೆ ಬರುವ ಪತ್ತನಾಜೆಗೆ ಯಕ್ಷಗಾನ ಮೇಳಗಳು ಆಟ ಮುಗಿಸಿ ಗೆಜ್ಜೆ ಬಿಚ್ಚುತ್ತವೆ, ಇಲ್ಲಿಯವರಿಗೆ ಬಿಡಿಸಿ ಹೇಳಬೇಕಾಗಿಲ್ಲ. ಒಂದು ಗಡುವು ಕಣ್ಣೆದುರು ಇದ್ದರೆ ಆ ಮನೆಗೂ ದೀಪ ಹತ್ತುತ್ತದೆ. ಗಡುವು ಇಲ್ಲದೆ 'ಹಿ ವಿಲ್ ಹ್ಯಾವ್ ಈಟನ್ ಎ ಮ್ಯಾಂಗೋ' ಎಂದರೆ ಯಾರಿಗೆ ಏನು ಹೊಳೆಯಬೇಕು?

ಇನ್ನು ಪ್ಯಾಸಿವ್‌ಗೆ ಬರುತ್ತೇನೆ. ಜಾಸ್ತಿ ಹೇಳಲಿಕ್ಕಿರುವುದು ಅದರ ಬಗ್ಗೆಯೇ.

ಕನ್ನಡ ವ್ಯಾಕರಣದ ಪೀರಿಯಡ್ಡಿನಲ್ಲಿ ಮಕ್ಕಳು ಕರ್ತರಿ, ಕರ್ಮಣಿ ಕಲಿತಿರುತ್ತಾರೆ. ರಾಮನು ರಾವಣನನ್ನು ಕೊಂದನು. ರಾಮನಿಂದ ರಾವಣನು ಕೊಲ್ಲಲ್ಪಟ್ಟನು. ಈ 'ಅಲ್ಪಟ್ಟ'ವನ್ನು ಮನೆಯಲ್ಲಿ ಯಾರಾದರೂ ಹೇಳಿದ್ದು ಕೇಳಿದ್ದೀರಾ? 'ಅಮ್ಮನಿಂದ ಮೀನು ಹುರಿಯಲ್ಪಟ್ಟಿತು' ಎಂದರೆ ಊಟವೇ ಸೇರಲಿಕ್ಕಿಲ್ಲ. ಅಷ್ಟು ಮಾತಾಡುವ ತಾಳಮದ್ದಳೆಯ ಅರ್ಥಧಾರಿಗಳ ಬಾಯಲ್ಲೂ ರಾವಣ ಸಾಯುತ್ತಾನೆ, ಬೀಳುತ್ತಾನೆ, ಮಡಿಯುತ್ತಾನೆ. 'ಕೊಲ್ಲಲ್ಪಟ್ಟ'ದ್ದನ್ನು ನಾನಂತೂ ಕೇಳಿಲ್ಲ. ಹೀಗೆ ಯಾರೂ ಆಡದ ಕನ್ನಡವನ್ನು ಏಣಿ ಮಾಡಿಕೊಂಡು ಇಂಗ್ಲಿಷಿನ ಅಟ್ಟ ಹತ್ತಿಸುತ್ತೇವೆ. ಮಕ್ಕಳು ಪ್ಯಾಸಿವ್ ಎಂದರೆ ತಲೆಕೆಳಗಾದ ವಾಕ್ಯ, ಪರೀಕ್ಷೆಗೆ ಮಾತ್ರ ಇರುವುದು ಎಂದು ತಿಳಿಯುತ್ತಾರೆ. ಅವರ ತಪ್ಪಾ?

ನಿಜವಾಗಿ ಬಳಕೆಯಲ್ಲಿರುವುದು ಇನ್ನೊಂದು ರೂಪ. ಅದು ನಿಮಗೆ ಚೆನ್ನಾಗಿ ಗೊತ್ತು. 'ಸೂಚಿಸಲಾಗಿದೆ', 'ತಿಳಿಸಲಾಗಿದೆ', 'ಗಂಭೀರವಾಗಿ ಪರಿಗಣಿಸಲಾಗುವುದು'. ನಮಗೆ ಬರುವ ಸುತ್ತೋಲೆಗಳಲ್ಲಿ ಇದಿಲ್ಲದ ಸಾಲೇ ಇಲ್ಲ. ಅವುಗಳಲ್ಲಿ ಯಾವತ್ತಾದರೂ 'ಯಾರಿಂದ' ಎಂದು ಬರೆದಿರುತ್ತದಾ? ಇಲ್ಲವಲ್ಲ. ಸುತ್ತೋಲೆಯಲ್ಲಿ ಬಿಡಬಹುದಾದ ಕರ್ತೃವನ್ನು ಹದಿನೈದು ವರ್ಷದ ಹುಡುಗ ಉತ್ತರಪತ್ರಿಕೆಯಲ್ಲಿ ಬಿಟ್ಟರೆ ಅಂಕ ಯಾಕೆ ಹೋಗಬೇಕು?

ತಮಾಷೆ ಸಾಕು. ಈ 'ಲಾಗಿದೆ' ನಿಜವಾಗಿ ನನ್ನ ಅತ್ಯುತ್ತಮ ಪಾಠ. ಅದನ್ನು ಕಲಿಸಿಕೊಟ್ಟದ್ದು ಮಳೆ.

ಕರಾವಳಿಯಲ್ಲಿ ಜುಲೈ ತಿಂಗಳ ರಾತ್ರಿ ಎಂದರೆ ಮಕ್ಕಳು ಕಾಯುವುದು ಒಂದೇ ವಾಕ್ಯಕ್ಕೆ. ರೆಡ್ ಅಲರ್ಟ್ ಬಂದಿದೆ, ಡಿಸಿ ಏನು ಹೇಳುತ್ತಾರೆ? 'ಶಾಲೆಗಳಿಗೆ ರಜೆ ಘೋಷಿಸಲಾಗಿದೆ.' ಒಂದು ಮಳೆಗಾಲದಲ್ಲಿ ನಾನು ಅದನ್ನೇ ಬೋರ್ಡಿನ ಮೇಲೆ ಬರೆದೆ. ಕೆಳಗೆ ಇಂಗ್ಲಿಷಿನಲ್ಲಿ: 'ಎ ಹಾಲಿಡೇ ಹ್ಯಾಸ್ ಬೀನ್ ಡಿಕ್ಲೇರ್ಡ್.' ಕ್ಲಾಸಿನಲ್ಲಿ ಚಪ್ಪಾಳೆ. ಪ್ರೆಸೆಂಟ್ ಪರ್ಫೆಕ್ಟ್ ಪ್ಯಾಸಿವ್‌ಗೆ ಚಪ್ಪಾಳೆ ಬಿದ್ದದ್ದನ್ನು ಇನ್ಯಾರಾದರೂ ಕಂಡಿದ್ದರೆ ಹೇಳಿ.

ಆಮೇಲೆ ಪ್ರಶ್ನೆ ಕೇಳಿದೆ. ಯಾರು ಘೋಷಿಸಿದ್ದು? "ಡಿಸಿ, ಟೀಚರ್." ಮತ್ತೆ ಯಾಕೆ ಬರೆದಿಲ್ಲ? "ಗೊತ್ತಿರುವುದೇ ಅಲ್ವಾ." ಸರಿ, 'ವಾಸ್ ಡಿಕ್ಲೇರ್ಡ್' ಎಂದರೆ ಏನಾಗುತ್ತದೆ? ಸ್ವಲ್ಪ ಹೊತ್ತು ಸದ್ದಿಲ್ಲ. ಕೊನೆಗೆ ಒಬ್ಬಳು ಹೇಳಿದಳು: "ಅದು ಹೋದ ವರ್ಷದ್ದು ಆಗ್ಲಿಕ್ಕೂ ಸಾಕು." ಮಳೆಗಾಲದಲ್ಲಿ ಹಳೆಯ ವರ್ಷದ ರಜೆ ಆದೇಶ ವಾಟ್ಸಾಪಿನಲ್ಲಿ ಮತ್ತೆ ಮತ್ತೆ ತಿರುಗುವುದು ನಿಮಗೂ ಗೊತ್ತಿರಬಹುದು. ದಿನಾಂಕ ನೋಡದೆ ಖುಷಿಪಟ್ಟು, ಬೆಳಿಗ್ಗೆ ಕೊಡೆ ಹಿಡಿದು ಓಡಿ ಬಂದವರು ಅವರು. 'ಹ್ಯಾಸ್ ಬೀನ್' ಎಂದರೆ ನಾಳೆ ಮಲಗಬಹುದು. 'ವಾಸ್' ಎಂದರೆ ಯಾವತ್ತಿನದು ಎಂದು ಕೇಳಬೇಕು. ಟೆನ್ಸಿನ ವ್ಯತ್ಯಾಸಕ್ಕೆ ಇದಕ್ಕಿಂತ ದೊಡ್ಡ ಬೆಲೆ ಆ ವಯಸ್ಸಿನಲ್ಲಿ ಬೇರೆ ಎಂತ ಇರಲಿಕ್ಕೆ ಸಾಧ್ಯ?

ಅದೇ ವಾಕ್ಯದಲ್ಲಿ ಇನ್ನೊಂದು ಗುಟ್ಟು ಸಿಕ್ಕಿತು. ಕನ್ನಡದಲ್ಲಿ 'ರಜೆಯನ್ನು ಘೋಷಿಸಲಾಗಿದೆ', 'ಮೀನುಗಾರಿಕೆಯನ್ನು ನಿಷೇಧಿಸಲಾಗಿದೆ' ಎನ್ನುತ್ತೇವೆ. ಆ 'ಅನ್ನು' ಹಾಗೇ ಉಳಿಯುತ್ತದೆ. ಕರ್ತೃವಿನ ಕುರ್ಚಿ ಖಾಲಿ, ಅದರಲ್ಲಿ ಯಾರೂ ಕೂರುವುದಿಲ್ಲ. ಹಾಗಾಗಿ ಒಂದು ದಿನದ ರಜೆಗೂ 'ಲಾಗಿದೆ', ಹತ್ತು ದಿನದ ರಜೆಗೂ 'ಲಾಗಿದೆ'. ಇಂಗ್ಲಿಷ್ ಹಾಗಲ್ಲ. ಅಲ್ಲಿ ಕುರ್ಚಿ ಖಾಲಿ ಬಿಡುವ ಹಾಗಿಲ್ಲ. ರಜೆಯೇ ಎದ್ದು ಹೋಗಿ ಅದರಲ್ಲಿ ಕೂರಬೇಕು. ಕೂತ ಮೇಲೆ ಒಂದಾದರೆ 'ಹ್ಯಾಸ್', ಹಲವಾದರೆ 'ಹ್ಯಾವ್'. ನಮ್ಮ ಮಕ್ಕಳು 'ಹಾಲಿಡೇಸ್ ಹ್ಯಾಸ್ ಬೀನ್ ಡಿಕ್ಲೇರ್ಡ್' ಎಂದು ಬರೆಯುವುದು ಅಜ್ಞಾನದಿಂದಲ್ಲ, ಈ ಕುರ್ಚಿಯ ವಿಷಯ ಯಾರೂ ಹೇಳದ್ದರಿಂದ. ಕೊಂಕಣಿ ಮಕ್ಕಳಿಗೆ ಇದು ಬೇಗ ಹೊಳೆಯುತ್ತದೆ ಎಂದು ನನ್ನ ಅನುಭವ. 'ಹಾಂವೆಂ ಆಂಬೊ ಖೆಲೊ' ಎಂದು ಅವರು ಹೇಳುವಾಗ ಕ್ರಿಯಾಪದ ತಿಂದವರ ಮಾತು ಕೇಳುವುದಿಲ್ಲ, ಮಾವಿನ ಹಣ್ಣಿನ ಮಾತು ಕೇಳುತ್ತದೆ. ಎರಡು ಹಣ್ಣು ತಿಂದರೆ 'ಆಂಬೆ ಖೆಲೆ'. ತಿಂದವರು ಒಬ್ಬರೇ ಆದರೂ!

ಹೀಗೆ ಊರಿನಲ್ಲಿ ಕಾಣುವ ಪ್ಯಾಸಿವ್ ಹುಡುಕಿ ತನ್ನಿ ಎಂದೆ. ರಾಶಿ ರಾಶಿ ತಂದರು. ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ಮೀನುಗಾರಿಕೆಗೆ ನಿಷೇಧ, ಅದು ಮಲ್ಪೆ ಮಕ್ಕಳದ್ದು. ಅಪ್ಪ ಮನೆಯಲ್ಲಿರುವ ಎರಡು ತಿಂಗಳು ಅವರಿಗೆ ವ್ಯಾಕರಣ ಅಲ್ಲ. ಎರಡು ವರ್ಷಕ್ಕೊಮ್ಮೆ ಜನವರಿ 18ಕ್ಕೆ ಕೃಷ್ಣ ಮಠದ ಪರ್ಯಾಯ, ಅಲ್ಲಿ 'ಈಸ್ ಹೆಲ್ಡ್'. ಮಳೆಗಾಲದಲ್ಲಿ ಸೇಂಟ್ ಮೇರೀಸ್ ದ್ವೀಪಕ್ಕೆ ಬೋಟ್ ಇಲ್ಲ, ಅಲ್ಲಿ 'ಈಸ್ ಕ್ಲೋಸ್ಡ್'. ಪೇಪರಿನ ತಲೆಬರಹಗಳು ಬೇರೆ. ಕನ್ನಡ ಪೇಪರಿನಲ್ಲಿ 'ಮೀನುಗಾರರ ರಕ್ಷಣೆ', ಇಂಗ್ಲಿಷ್ ಪೇಪರಿನಲ್ಲಿ 'ಫಿಶರ್‌ಮೆನ್ ರೆಸ್ಕ್ಯೂಡ್'. ಒಂದರಲ್ಲಿ ಕ್ರಿಯಾಪದವೇ ಇಲ್ಲ, ಇನ್ನೊಂದರಲ್ಲಿ 'ವರ್' ನುಂಗಿಹೋಗಿದೆ. ನುಂಗಿದ್ದನ್ನು ಹೊರತೆಗೆಯುವುದೇ ಹೋಮ್‌ವರ್ಕ್.

ಒಬ್ಬ ಹುಡುಗ ಹಳೆಯ ಮಂಗಳೂರು ಹೆಂಚು ಹೊತ್ತು ತಂದ. ಅಜ್ಜನ ಮನೆ ಕೆಡವಿದಾಗ ಸಿಕ್ಕಿದ್ದಂತೆ. 1865ರಲ್ಲಿ ಬಾಸೆಲ್ ಮಿಷನ್ನಿನವರು ಮಂಗಳೂರಿನಲ್ಲಿ ಹೆಂಚಿನ ಕಾರ್ಖಾನೆ ಶುರು ಮಾಡಿದ ಮೇಲೆ ಇಂಥ ಹೆಂಚು ಎಷ್ಟು ಊರಿನ ಮಾಡು ಏರಿತೋ. 'ದಿಸ್ ಟೈಲ್ ವಾಸ್ ಮೇಡ್ ಇನ್ ಮ್ಯಾಂಗಲೋರ್' ಎಂದು ಬರೆದೆವು. ಯಾರು ಮಾಡಿದ್ದು? ಮಣ್ಣು ತುಳಿದವರು, ಅಚ್ಚಿಗೆ ಒತ್ತಿದವರು, ಗೂಡಿನಲ್ಲಿ ಸುಟ್ಟವರು. ಹೆಸರು ಯಾರದ್ದೂ ಇಲ್ಲ. ಅಷ್ಟರಲ್ಲಿ ಒಬ್ಬಳು ಹೆಂಚಿನ ಹಿಂಬದಿ ತಿರುಗಿಸಿದಳು. ಹಸಿ ಮಣ್ಣಿನ ಮೇಲೆ ನಾಯಿಯೊಂದು ಕಾಲಿಟ್ಟು ಹೋದ ಗುರುತು, ಹಾಗೇ ಸುಟ್ಟು ಗಟ್ಟಿಯಾಗಿತ್ತು. "ಇದಕ್ಕೆ ಬೈ ಹಾಕ್ಬಹುದು ಟೀಚರ್!" 'ದಿಸ್ ಮಾರ್ಕ್ ವಾಸ್ ಮೇಡ್ ಬೈ ಎ ಡಾಗ್.' ಹಾಕಲೇಬೇಕು. ಯಾಕೆಂದರೆ ಅಲ್ಲಿ ಸುದ್ದಿ ಇರುವುದೇ ನಾಯಿಯಲ್ಲಿ. 'ಬೈ' ಯಾವಾಗ ಬೇಕು ಎಂದು ನಾನು ಯಾವ ನಿಯಮದಲ್ಲೂ ಇಷ್ಟು ಸಮ ಮಾಡಿ ಹೇಳಿಲ್ಲ.

ಎಲ್ಲ ಹೀಗೆ ಚಂದ ನಡೆಯುತ್ತದೆ ಎಂದು ಹೇಳುತ್ತಿಲ್ಲ. ಪ್ಯಾಸಿವ್ ಕಲಿತ ಎರಡು ವಾರಕ್ಕೆ ಹೊಸ ರೋಗ ಶುರು. 'ದ ಆಕ್ಸಿಡೆಂಟ್ ವಾಸ್ ಹ್ಯಾಪನ್ಡ್.' 'ಮೈ ಗ್ರ್ಯಾಂಡ್‌ಫಾದರ್ ವಾಸ್ ಡೈಡ್.' ಮೊದಲು ತಲೆ ಚಚ್ಚಿಕೊಳ್ಳುತ್ತಿದ್ದೆ. ಆಮೇಲೆ ಮಕ್ಕಳ ಲೆಕ್ಕ ತಿಳಿಯಿತು. ಅಪಘಾತ ತಾನಾಗಿ ಏನೂ ಮಾಡಲಿಲ್ಲ, ಅಜ್ಜ ಬೇಕೆಂದು ಸತ್ತದ್ದಲ್ಲ. ಹಾಗಾದರೆ ಪ್ಯಾಸಿವ್ ಇರಬೇಕು ಅಲ್ವಾ! ಬೇರೆ ಬೇರೆ ದೇಶಗಳಲ್ಲಿ ಇಂಗ್ಲಿಷ್ ಕಲಿಯುವವರೂ ಇದೇ ತಪ್ಪು ಮಾಡುತ್ತಾರೆ. ಬುದ್ಧಿ ಓಡಿಸುವವರು ಮಾಡುವ ತಪ್ಪು ಇದು. ನಾನೀಗ ಒಂದು ಪ್ರಶ್ನೆ ಕೇಳಿಸುತ್ತೇನೆ: ಇದನ್ನು ಯಾರಾದರೂ ಮಾಡಬಹುದಾ? ಸೈಕಲನ್ನು ಯಾರಾದರೂ ಕದಿಯಬಹುದು, ರಜೆಯನ್ನು ಯಾರಾದರೂ ಘೋಷಿಸಬಹುದು. ಅಜ್ಜನನ್ನು ಯಾರೂ 'ಡೈ' ಮಾಡಲಾಗದು. ಹಾಗಾಗಿ 'ವಾಸ್' ಬೇಡ. ಇಷ್ಟಾದರೂ ನೂರಕ್ಕೆ ನೂರು ಸರಿಯಾಗುವುದಿಲ್ಲ. ಹತ್ತನೇ ತರಗತಿ ಮುಗಿಸಿ ಹೋದವರೂ 'ವಾಸ್ ಹ್ಯಾಪನ್ಡ್' ಎಂದು ಮೆಸೇಜ್ ಕಳಿಸುತ್ತಾರೆ. ಇರಲಿ.

ಮನಸ್ಸಿಲ್ಲದಾಗ ಹೇಳುವ ಪ್ಯಾಸಿವ್ ಒಂದು ಬಾಕಿ ಉಂಟು. ಕ್ರಿಕೆಟ್ ಚೆಂಡು ಬಿದ್ದು ನಮ್ಮ ಸ್ಟಾಫ್ ರೂಮಿನ ಕಿಟಕಿಯ ಗಾಜು ಹೋಯಿತು. ಐದು ಹುಡುಗರು ಸಾಲಾಗಿ ನಿಂತಿದ್ದರು. 'ಹೂ ಬ್ರೋಕ್ ದ ಗ್ಲಾಸ್?' ಎಂದು ಇಂಗ್ಲಿಷಿನಲ್ಲೇ ಕೇಳಿದೆ. ಅದರಲ್ಲೊಬ್ಬ ನೆಲ ನೋಡುತ್ತಾ, 'ದ ಗ್ಲಾಸ್ ವಾಸ್ ಬ್ರೋಕನ್, ಟೀಚರ್' ಎಂದ. ನಾನು ಮನಸ್ಸಿನಲ್ಲೇ ಪೂರ್ತಿ ಅಂಕ ಕೊಟ್ಟೆ. ಗಾಜಿನ ದುಡ್ಡು ಹೆಡ್‌ಮಾಷ್ಟ್ರು ವಸೂಲಿ ಮಾಡಿದರು.

ಈಗ ನಿಮ್ಮಲ್ಲಿ ಕೇಳುವುದು. ದೊಡ್ಡ ಬದಲಾವಣೆ ಏನೂ ಬೇಡ. ಸಂದರ್ಭ ಇಲ್ಲದ ಒಂಟಿ ವಾಕ್ಯ ಕೊಟ್ಟು 'ಚೇಂಜ್ ದ ವಾಯ್ಸ್' ಎನ್ನುವುದನ್ನು ನಿಲ್ಲಿಸಿ. ನಿಲ್ಲಿಸಲು ಆಗದಿದ್ದರೆ ಕನಿಷ್ಠ 'ಬೈ ಸಮ್‌ಬಡಿ', 'ಬೈ ಪೀಪಲ್' ಇಲ್ಲದ ಉತ್ತರವೂ ಸರಿ ಎಂದು ಕೀಯಲ್ಲಿ ಒಂದು ಸಾಲು ಸೇರಿಸಿ. ಅದಕ್ಕೆ ಸಭೆ ಬೇಡ, ಬಜೆಟ್ ಬೇಡ, ಪೆನ್ನು ಸಾಕು.

ಎಸ್ಸೆಸ್ಸೆಲ್ಸಿ ಬರೆಯುವವರು ಎಂಟು ಲಕ್ಷಕ್ಕೂ ಜಾಸ್ತಿ. ಅಷ್ಟು ಪತ್ರಿಕೆ ತಿದ್ದುವಾಗ ಒಂದೇ ಉತ್ತರ ಇರುವ ಪ್ರಶ್ನೆ ಬೇಕು ಎನ್ನುತ್ತೀರಿ. ನಾನೂ ಮೌಲ್ಯಮಾಪನಕ್ಕೆ ಕೂತವಳು, ನಿಮ್ಮ ಕಷ್ಟ ಗೊತ್ತು. ಒಂದೇ ಉತ್ತರ ಬರುವ ಹಾಗೆಯೂ ಸಂದರ್ಭ ಕೊಡಬಹುದು. ನಾಲ್ಕು ಸಾಲಿನ ಸುದ್ದಿ ಬರೆಯಿರಿ. ಒಬ್ಬ ಹುಡುಗ ನಡೆದುಕೊಂಡು ಶಾಲೆಗೆ ಬರುತ್ತಿದ್ದಾನೆ. ಯಾಕೆ ಎಂದು ಟೀಚರ್ ಕೇಳುತ್ತಾರೆ. 'ಮೈ ಬೈಸಿಕಲ್' ಎಂದು ಶುರುಮಾಡಿ, ಒಂದು ಖಾಲಿ ಜಾಗ ಬಿಟ್ಟು, 'ಲಾಸ್ಟ್ ನೈಟ್' ಎಂದು ಮುಗಿಸಿ. ಪಕ್ಕದಲ್ಲಿ 'ಸ್ಟೀಲ್' ಎಂಬ ಕ್ರಿಯಾಪದ ಕೊಡಿ. 'ವಾಸ್ ಸ್ಟೋಲನ್' ಬಿಟ್ಟು ಬೇರೆ ಉತ್ತರ ಬರಲು ಜಾಗವೇ ಇಲ್ಲ. 'ಹ್ಯಾಸ್ ಬೀನ್' ಬರೆದರೆ 'ಲಾಸ್ಟ್ ನೈಟ್' ಹಿಡಿದುಕೊಡುತ್ತದೆ. ಟೆನ್ಸ್, ಪ್ಯಾಸಿವ್ ಎರಡೂ ಒಂದೇ ಅಂಕದಲ್ಲಿ ಪರೀಕ್ಷೆ ಆಯಿತು. ಸ್ವಲ್ಪ ಜಾಸ್ತಿ ಅಂಕದ ಪ್ರಶ್ನೆಯಾದರೆ ಬೀಚಿನ ಕನ್ನಡ ಬೋರ್ಡೊಂದನ್ನು ಅಚ್ಚು ಹಾಕಿ, ಕನ್ನಡ ಬಾರದ ಪ್ರವಾಸಿಗೆ ಇದನ್ನು ಇಂಗ್ಲಿಷಿನಲ್ಲಿ ಬರೆದುಕೊಡು ಎಂದು ಕೇಳಿ. ಮಲ್ಪೆಯ ಹುಡುಗನಿಗೆ ಅದು ಪರೀಕ್ಷೆ ಅಲ್ಲ, ದಿನಾ ನೋಡುವ ಕೆಲಸ.

ಇನ್ನೊಂದು ಮಾತು, ಇದು ತರಬೇತಿ ಕೊಡುವವರಿಗೆ. ಇಂಗ್ಲಿಷ್ ಪೀರಿಯಡ್ಡಿನಲ್ಲಿ ಬೇರೆ ಭಾಷೆ ಬರಲೇಬಾರದು ಎಂದು ನಮಗೆ ಹೇಳುತ್ತಾ ಬಂದಿದ್ದೀರಿ. 'ತೂತನಾ' ಎಂಬ ಒಂದು ಪದ ಏಳೆಂಟು ವರ್ಷದ ನನ್ನ ವಿವರಣೆಗಿಂತ ಜಾಸ್ತಿ ಕೆಲಸ ಮಾಡಿತು. ಆ ಪದವನ್ನು ನಾನು ಪಾಠ ಯೋಜನೆಯಲ್ಲಿ ಬರೆಯುವ ಹಾಗಿಲ್ಲ, ನೋಡಲು ಬಂದವರ ಎದುರು ಹೇಳುವ ಹಾಗಿಲ್ಲ. ಕದ್ದು ಹೇಳುತ್ತೇನೆ. ಅದನ್ನು ಬಹಿರಂಗವಾಗಿ ಹೇಳಲು ಬಿಡಿ.

ರಾತ್ರಿ ಹತ್ತು ಗಂಟೆ ಆಯಿತು. ಸಂಜೆಯಿಂದ ಬಿಡದೆ ಸುರಿಯುತ್ತಿದೆ. ಇಷ್ಟು ಬರೆಯುವಷ್ಟರಲ್ಲಿ ಫೋನಿನಲ್ಲಿ ಹತ್ತನೇ ತರಗತಿಯವರ ಹನ್ನೊಂದು ಮೆಸೇಜ್ ಬಂದಿವೆ. ಎಲ್ಲ ಒಂದೇ ವಿಷಯ. ಅದರಲ್ಲೊಂದು ಇಂಗ್ಲಿಷಿನಲ್ಲಿದೆ: 'ಟೀಚರ್, ಹ್ಯಾಸ್ ಎ ಹಾಲಿಡೇ ಬೀನ್ ಡಿಕ್ಲೇರ್ಡ್?'

'ನಾಟ್ ಯೆಟ್' ಎಂದು ಉತ್ತರ ಹಾಕಿದ್ದೇನೆ.

ಇತಿ,
ಉಡುಪಿ ಕಡೆಯ ಒಬ್ಬ ಇಂಗ್ಲಿಷ್ ಟೀಚರ್